ತಟ್ಟೆ ತಿರುಗಿಸದ ಭಾನುವಾರ

ಮೂರಿಯಲ್ ಟನಿಕ್ಲಿಫ್ ತನ್ನ ಜೀವಮಾನದಲ್ಲಿ ತಿರುಗಿಸಿ ನೋಡದೆ ಉಂಡ ತಟ್ಟೆ ಒಂದೂ ಇರಲಿಲ್ಲ. ಇದು ಅವಳೊಬ್ಬಳ ಚಾಳಿಯೇನಲ್ಲ. ಬರ್ಸ್ಲಮ್‌ನಲ್ಲಿ ಹುಟ್ಟಿದವರೆಲ್ಲ ಹಾಗೆಯೇ. ಇಂಗ್ಲೆಂಡಿನ ಪಿಂಗಾಣಿ ಸುಡುವ ಊರು. ಯಾರ ಮನೆಗೆ ಹೋದರೂ ಮೊದಲು ತಟ್ಟೆ ಎತ್ತಿ ತಳದ ಮುದ್ರೆ ನೋಡಿ, ಯಾರು ಮಾಡಿದ್ದು, ಯಾವ ಕಾಲದ್ದು ಎಂದು ತಿಳಿದುಕೊಂಡು, ಆಮೇಲೆ ಊಟಕ್ಕೆ ಕೈ ಹಾಕುವುದು. ವ್ಯತ್ಯಾಸ ಇಷ್ಟೇ: ಬೇರೆಯವರು ಬಡಿಸುವ ಮುಂಚೆ ನೋಡುತ್ತಾರೆ. ಮೂರಿಯಲ್ ಬಡಿಸಿದ ಮೇಲೂ ನೋಡುತ್ತಿದ್ದಳು.

ಮೇಯರರ ಔತಣದಲ್ಲಿ ಅವಳು ತಿರುಗಿಸಿದ ಬಟಾಣಿ ಸೂಪು ಮೇಯರರ ಚಿನ್ನದ ಸರಪಳಿಯ ಸಂದುಗಳಲ್ಲಿ ಸೇರಿಕೊಂಡು, ಅವರು ಹೋಗಿ ಇನ್ನೊಬ್ಬರು ಬಂದು, ಅವರೂ ಹೋದ ಮೇಲೂ ಸರಪಳಿ ಬಟಾಣಿಯ ವಾಸನೆಯನ್ನೇ ಹೊಡೆಯುತ್ತಿತ್ತು. ಮಗಳು ಗ್ವೆನ್ ಹುಟ್ಟಿದಾಗ ನರ್ಸು ಮಗುವನ್ನು ಕೈಗಿಟ್ಟರೆ ಮೂರಿಯಲ್ ಮುಖ ನೋಡಲಿಲ್ಲ, ಮೊದಲು ತಿರುಗಿಸಿ ನೋಡಿದಳು. ಇದನ್ನು ನರ್ಸೇ ಹೇಳಿದ್ದು. ನರ್ಸುಗಳು ಸುಳ್ಳು ಹೇಳುವುದಿಲ್ಲ.

ಈ ಗ್ವೆನ್ ಈಗ ಮದುವೆಗೆ ನಿಂತಿದ್ದಳು. ಹುಡುಗ ರೂಪರ್ಟ್ ಒಳ್ಳೆಯವನೇ. ತೊಂದರೆ ಅವನ ಅಪ್ಪ ಆಂಬ್ರೋಸ್ ಹ್ಯಾವಿಲ್. ಲಂಡನ್ ಕಡೆಯ ಆಸಾಮಿ. ಊರಾಚೆ, ಹಿಂದೆ ಯಾವನೋ ಪಿಂಗಾಣಿ ಧಣಿ ಕಟ್ಟಿಸಿದ್ದ ಬಂಗಲೆ ಕೊಂಡು, ಅದರ ತುಂಬ ಹಳೆಯ ಪಿಂಗಾಣಿ ಪೇರಿಸುತ್ತಿದ್ದ. ಮದುವೆ ತನ್ನ ತೋಟದಲ್ಲಿ, ಬಿಳಿ ಡೇರೆಯ ಕೆಳಗೆ ನಡೆಯಬೇಕು ಎಂದು ಅವನ ಪಟ್ಟು. ಮೂರಿಯಲ್ ಮದುವೆ, ಅವಳ ಅಮ್ಮನ ಮದುವೆ, ಅಜ್ಜಿಯ ಮದುವೆ ಎಲ್ಲ ಆದದ್ದು ಬರ್ಸ್ಲಮ್‌ನ ಚಾಪೆಲಿನಲ್ಲಿ, ಅಲ್ಲಿನ ಪುಟ್ಟ ಚರ್ಚಿನಲ್ಲಿ. ಮಗಳದ್ದೂ ಅಲ್ಲೇ ಆಗಬೇಕು. ಅದು ಬಿಟ್ಟು ಅವಳಿಗೆ ಆ ವರ್ಷ ಬೇರೆ ಆಸೆಯೇ ಇರಲಿಲ್ಲ.

"ಅಮ್ಮಾ, ಭಾನುವಾರ ರೂಪರ್ಟ್ ಅವ್ರಪ್ಪನ ಮನೇಲಿ ಊಟ. ಒಂದ್ ಮಾತು ಕೊಡು," ಎಂದಳು ಗ್ವೆನ್.

"ಕೊಟ್ಟೆ ಅನ್ಕೋ."

"ತಟ್ಟೆ ತಿರುಗ್ಸಬಾರ್ದು."

ಮೂರಿಯಲ್ ಕುರ್ಚಿ ತಡಕಿ ಕೂತಳು. "ಬಟ್ಲು?"

"ಬಟ್ಲೂ ಇಲ್ಲ, ಕಪ್ಪೂ ಇಲ್ಲ. ಕಸ್ಟರ್ಡ್ ತಿಂದು ಮುಗ್ಸೋವರ್ಗೂ ಏನೂ ತಿರುಗ್ಸಂಗಿಲ್ಲ. ತಿರುಗ್ಸದೆ ಎದ್ ಬಂದ್ರೆ ಮದ್ವೆ ನಮ್ ಚಾಪೆಲಲ್ಲೇ, ಅವ್ರಪ್ಪನ್ನ ನಾವ್ ಒಪ್ಪಿಸ್ತೀವಿ. ತಿರುಗ್ಸಿದ್ರೆ ಅವ್ರ ತೋಟದಲ್ಲಿ, ಡೇರೇಲಿ. ಆಮೇಲೆ ನನ್ ಮುಂದೆ ಅಳಬಾರ್ದು."

ಪೇಪರಿನ ಹಿಂದಿನಿಂದ ಗಂಡ ಲೆನ್ ಕೇಳಿದ, "ಡೇರೆಗೆ ಈಗ್ಲೇ ಹೇಳ್ಬಿಡೋಣ್ವಾ?"

ಮೂರಿಯಲ್ ಆ ವಾರವಿಡೀ ಸಾಧನೆ ಮಾಡಿದಳು. ಕೈಗೆ ಒಲೆಯ ದಪ್ಪ ಕೈಗವಸು ಹಾಕಿಕೊಂಡು ಮಲಗಿದಳು. ತನ್ನ ಹಳೆ ಪಿಂಗಾಣಿ ಅಂಗಡಿಗೆ ಬಂದವರಿಗೆಲ್ಲ, "ನೀವೇ ತಿರುಗ್ಸಿ, ನಾನು ವ್ರತದಲ್ಲಿದ್ದೀನಿ," ಎಂದಳು. ಶನಿವಾರದ ಹೊತ್ತಿಗೆ ಕೈ ತಾನಾಗಿ ತಟ್ಟೆಯ ಕಡೆ ಹೋಗುವುದು ನಿಂತಿತ್ತು. ಆದರೆ ಎಡಗಣ್ಣು ಅದುರಲು ಶುರುವಾಗಿತ್ತು.

ಭಾನುವಾರ ಹ್ಯಾವಿಲ್ ಬಾಗಿಲಲ್ಲೇ ನಿಂತು ಸ್ವಾಗತಿಸಿದ. ಊಟದ ಮೇಜಿನ ಮೇಲೆ ಬೆಣ್ಣೆ ಬಣ್ಣದ ತಟ್ಟೆಗಳು, ಅಂಚಿನಲ್ಲಿ ಹಕ್ಕಿಗರಿಯ ಹಾಗೆ ಕೊರೆದ ಗೆರೆ. ಅದನ್ನು ಕಂಡದ್ದೇ ಮೂರಿಯಲ್ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

"ಸಾವಿರದ ಏಳುನೂರ ಎಪ್ಪತ್ತರ ಆಜುಬಾಜು," ಎಂದ ಹ್ಯಾವಿಲ್, ದನದ ಮಾಂಸದ ಹೋಳು ಬಡಿಸುತ್ತ. "ಡ್ಯೂಕ್ ಒಬ್ಬರ ಮನೇದು. ಇಂಥ ಸೆಟ್ಟು ನಿಮ್ಮೂರ ಕಡೆ ಈಗ ನೋಡಕ್ಕೂ ಸಿಗಲ್ಲ, ಅಲ್ವಾ ಟನಿಕ್ಲಿಫ್ ಅವ್ರೇ?"

"ಚೆನ್ನಾಗಿದೆ ಬೀಗರೇ," ಎಂದಳು ಮೂರಿಯಲ್. ಎಡಗಣ್ಣು ಅದುರಿತು. ಅದನ್ನು ಅವನು ಮೆಚ್ಚುಗೆ ಎಂದುಕೊಂಡ.

ಅವಳ ತಟ್ಟೆಯಲ್ಲಿ ಮಾಂಸ, ಆಲೂಗಡ್ಡೆ, ಬಟಾಣಿ, ಅದರ ಮೇಲೆ ಕೆರೆಯಷ್ಟು ಗೊಜ್ಜು. ಅವಳು ಚಮಚದಿಂದ ಅಂಚಿಗೆ ಮೆಲ್ಲಗೆ ತಟ್ಟಿದಳು. ಠಣ್ ಎಂದಿತು. ಇನ್ನೂರು ವರ್ಷದ ತಟ್ಟೆ ಅಷ್ಟು ಹುರುಪಿನಿಂದ ಮಾತಾಡುವುದಿಲ್ಲ. ಆಮೇಲೆ ಬಲಗೈಯ ತೋರುಬೆರಳು, ಯಜಮಾನಿಯ ಅಪ್ಪಣೆ ಕೇಳದೆ, ತಟ್ಟೆಯ ಕೆಳಗೆ ನುಸುಳಿತು.

ಗ್ವೆನ್ ಮೇಜಿನ ಕೆಳಗೆ ಒದ್ದಳು. "ಅಮ್ಮಾ."

"ತಿರುಗಿಸ್ತಿಲ್ಲ ಕಣೇ. ಬೆಚ್ಚಗಿದ್ಯಾ ಅಂತ ನೋಡ್ತಿದ್ದೀನಿ."

ಬೆರಳಿಗೆ ತಳದಲ್ಲಿ ಅಚ್ಚೊತ್ತಿದ ಅಕ್ಷರಗಳ ತಗ್ಗು ಸಿಕ್ಕಿತು. ಮೂವತ್ತು ವರ್ಷ ಅಂಗಡಿಯಲ್ಲಿ ತಳ ನೋಡಿದ ಬೆರಳು, ಕತ್ತಲಲ್ಲೂ ಓದುತ್ತದೆ. ಮೊದಲು ಒಂದು ಚಿಕ್ಕ ಪದ, ಇನ್ನೊಂದು ಇನ್ನೂ ಚಿಕ್ಕದು, ಆಮೇಲೆ ಉದ್ದದ್ದು. ಮೇಡ್ ಇನ್ ಇಂಗ್ಲೆಂಡ್. ಮೂರಿಯಲ್ ಬಾಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು. ಹೊರಗಿನ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದವರು ಕಾನೂನು ಮಾಡಿದ ಮೇಲೆ ತಾನೇ ಇಂಗ್ಲೆಂಡ್ ಅಂತ ಒತ್ತಲು ಶುರು ಮಾಡಿದ್ದು? ಅದಕ್ಕೂ ನೂರು ವರ್ಷ ಹಿಂದಿನ ಡ್ಯೂಕನಿಗೆ ತನ್ನ ದೇಶ ಯಾವುದೆಂದು ತಟ್ಟೆ ನೋಡಿ ತಿಳಿಯುವ ಅಗತ್ಯ ಇರಲಿಲ್ಲ.

ಹೇಳಿಬಿಟ್ಟರೆ ಅವನು ನಂಬುವುದಿಲ್ಲ. ತೋರಿಸಬೇಕೆಂದರೆ ತಿರುಗಿಸಬೇಕು. ತಿರುಗಿಸಿದರೆ ಡೇರೆ. ಮೂರಿಯಲ್ ಆಲೂಗಡ್ಡೆ ನುಂಗಿದಳು.

"ಬೀಗರೇ, ಇದರ ತಳ ಹೇಗಿದೆ?" ಎಂದು ಕೇಳಿದಳು, ಹವಾ ಹೇಗಿದೆ ಎನ್ನುವ ದನಿಯಲ್ಲಿ.

"ತಳಾನಾ? ತಳ ನೋಡೋದು ವ್ಯಾಪಾರದವ್ರ ಕೆಲ್ಸ. ನಾನು ಒಟ್ಟು ಚೆಂದ ನೋಡ್ತೀನಿ."

"ಅಯ್ಯೋ ಪಾಪ."

"ಯಾಕೆ?"

"ಏನಿಲ್ಲ. ಮುಖ ಯಾರು ಬೇಕಾದ್ರೂ ನೋಡ್ತಾರೆ. ಹಳೇ ತಟ್ಟೆಯ ತಳ ಅಂದ್ರೆ, ಮೆರುಗು ಹರಿದು ಮೂಲೇಲಿ ನಿಂತು ಎಳೇ ಹಸಿರಿಗೆ ತಿರುಗಿರುತ್ತೆ. ಕೊಳದ ನೀರಿನ ಥರ. ಭಟ್ಟೀಲಿ ಇಟ್ಟಾಗ ಕೆಳಗೆ ಆಸರೆಗೆ ಕೊಟ್ಟ ಮುಳ್ಳಿನ ಮೂರು ಚುಕ್ಕೆ ಇರುತ್ತೆ. ಅದನ್ನ ಮಾಡಿದೋನ ಹೆಬ್ಬೆಟ್ಟೂ ಇದ್ರೆ ಇರಬಹುದು. ಇನ್ನೂರು ವರ್ಷದ ಹಿಂದಿನ ಹೆಬ್ಬೆಟ್ಟು ಬೀಗರೇ, ನಿಮ್ ಊಟದ ಕೆಳಗೇ ಇದೆ. ನೀವು ನೋಡೇ ಇಲ್ಲ."

ಹ್ಯಾವಿಲ್ ತಟ್ಟೆಯನ್ನು ನೋಡಿದ. ಗೊಜ್ಜು ಅಂಚಿನವರೆಗೂ ತುಂಬಿತ್ತು.

"ಊಟ ಆದ್ಮೇಲೆ ನೋಡೋಣ," ಎಂದ.

"ಹೌದೌದು, ಅವಸರ ಏನು," ಎಂದಳು ಮೂರಿಯಲ್. "ಹೋದ ವರ್ಷ ಒಬ್ರು ಹೀಗೇ ಅಂದಿದ್ರು. ಹೆಬ್ಬೆಟ್ಟಿನ ಪಕ್ಕ ಪುಟ್ಟದೊಂದು ಗುರುತಿತ್ತಂತೆ. ಯಾವ್ದು ಅಂತ ಮರೆತೆ."

"ಇವಳಿಗೆ ಯಾವತ್ತೂ ಏನೂ ಮರೆಯಲ್ಲ," ಎಂದ ಲೆನ್, ಬಟಾಣಿ ಮೆಲ್ಲುತ್ತ. ಗಂಡನಾದವನು ಇಪ್ಪತ್ತು ವರ್ಷಕ್ಕೊಮ್ಮೆ ಹೀಗೆ ಉಪಯೋಗಕ್ಕೆ ಬರುತ್ತಾನೆ.

ಹ್ಯಾವಿಲ್ ಒಂದು ಹೋಳು ಮಾಂಸ ಕತ್ತರಿಸಿದ, ತಿನ್ನಲಿಲ್ಲ. ತಲೆ ಬಗ್ಗಿಸಿ ತಟ್ಟೆಯ ಪಕ್ಕದಿಂದ ಇಣುಕಿದ. ಕಾಣಲಿಲ್ಲ. ಅಂಚು ಒಂದು ಬೆರಳಿನಷ್ಟು ಎತ್ತಿದ. ಗೊಜ್ಜು ಆ ಕಡೆ ಜಾರಿತು.

"ರೂಪರ್ಟ್, ಕಿಟಕಿ ಹೊರಗೇನದು?" ಎಂದ. ರೂಪರ್ಟ್ ಕಿಟಕಿಯ ಕಡೆ ತಿರುಗಿದ.

ಹ್ಯಾವಿಲ್ ತಟ್ಟೆ ತಿರುಗಿಸಿದ.

ಮಾಂಸ ತೊಡೆಗೆ, ಗೊಜ್ಜು ಸೊಂಟಕ್ಕೆ, ಬಟಾಣಿ ಎಲ್ಲ ದಿಕ್ಕಿಗೂ ಹೊರಟವು. ಅದರ ಪರಿವೆ ಅವನಿಗೆ ಇರಲಿಲ್ಲ. ತಟ್ಟೆಯನ್ನು ಮುಖದ ಮುಂದೆ ಹಿಡಿದು ಓದುತ್ತಿದ್ದ. ಓದಿದ. ಮತ್ತೊಮ್ಮೆ ಓದಿದ. ಒಂದು ಆಲೂಗಡ್ಡೆ ಅವನ ಮಡಿಲಿನಿಂದ ಉರುಳಿ ಕೆಳಗೆ ಬಿತ್ತು.

"ಮೇಡ್ ಇನ್ ಇಂಗ್ಲೆಂಡ್," ಎಂದ ಕೊನೆಗೆ. "ಅಂದ್ರೆ?"

"ಅಂದ್ರೆ ನನ್ನಷ್ಟೂ ವಯಸ್ಸಾಗಿಲ್ಲ ಅದಕ್ಕೆ," ಎಂದಳು ಮೂರಿಯಲ್. "ಬೇಜಾರ್ ಮಾಡ್ಕೋಬೇಡಿ. ಗಟ್ಟಿ ಮಾಲು. ದಿನಾ ಊಟ ಮಾಡಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ."

ಹ್ಯಾವಿಲ್ ಎದ್ದ. ಜಗಳಕ್ಕೆ ಎಂದುಕೊಂಡು ಗ್ವೆನ್ ಕಣ್ಣು ಮುಚ್ಚಿದಳು. ಅವನು ಹೋದದ್ದು ಬೀರುವಿನ ಕಡೆಗೆ. ಮೀನಿನ ದೊಡ್ಡ ತಟ್ಟೆ ತಂದು ತಿರುಗಿಸಿ ಮೂರಿಯಲ್ ಮೂಗಿನ ಮುಂದೆ ಹಿಡಿದ. "ಇದು?"

"ವಿಕ್ಟೋರಿಯಾ ರಾಣಿ ಕಾಲದ್ದು. ಒಳ್ಳೇದೇ."

"ಇದು?"

"ಅದರ ತಳ ಸುಳ್ಳು ಹೇಳ್ತಿದೆ. ಮುದ್ರೆ ಆಮೇಲೆ ಹಾಕಿದ್ದು. ಅದರಲ್ಲಿ ಹೂ ಇಡಿ, ಸಾಕು."

ಹೀಗೆ ಹೊರಟಿತು. ಹ್ಯಾವಿಲ್ ತಿರುಗಿಸುವುದು, ಮೂರಿಯಲ್ ತೊಡೆಯ ಕೆಳಗೆ ಕೈ ಇಟ್ಟುಕೊಂಡೇ ತೀರ್ಪು ಕೊಡುವುದು. ಕಾಲ ಹೇಳಿದಳು, ಬೆಲೆ ಹೇಳಿದಳು, ಮಾರಿದವನ ಗುಣವನ್ನೂ ಹೇಳಿದಳು. ಕೊನೆಗೆ ಅವನು ಅರೆದ ಸಾಸಿವೆಯ ಗಿಂಡಿಯನ್ನೂ ಬಿಡದೆ ಬಗ್ಗಿಸಿದ. ಸಾಸಿವೆ ಮೇಜಿನ ಬಟ್ಟೆಯ ಮೇಲೆ ಕೂತಿತು. ಗಿಂಡಿಯ ತಳದಲ್ಲಿ ಒಂದಕ್ಷರವೂ ಇರಲಿಲ್ಲ. ಹಿಡಿಯ ಮೂಲೆಯಲ್ಲಿ ಮೆರುಗು ಎಳೆ ಹಸಿರಾಗಿ ನಿಂತಿತ್ತು.

ಮೂರಿಯಲ್ ಎಡಗಣ್ಣು ಅದುರುವುದು ನಿಂತಿತು. "ಬೀಗರೇ, ಇದನ್ನ ಎಲ್ಲಿ ತಂದ್ರಿ?"

"ತಂದಿದ್ದಲ್ಲ. ತಟ್ಟೆ ಮಾರಿದೋನು ಕೊಸರಿಗೆ ಕೊಟ್ಟಿದ್ದು."

"ಆ ಡ್ಯೂಕು ಇದ್ದಿದ್ದೇ ನಿಜ ಆದ್ರೆ, ಅವ್ನು ಸಾಸಿವೆ ತಿಂದಿದ್ದು ಇದ್ರಲ್ಲೇ. ಸೆಟ್ಟಿಗೆ ನೀವು ಎಷ್ಟ್ ಕೊಟ್ರೋ, ಇದೊಂದೇ ಅದರ ಎರಡರಷ್ಟು ಬಾಳುತ್ತೆ. ಬಟ್ಟೆ ಸುತ್ತಿ ಇಡಿ."

ಹ್ಯಾವಿಲ್ ಗಿಂಡಿಯನ್ನು ಎದೆಗೆ ಒತ್ತಿಕೊಂಡ. ಅವನ ಮೈಮೇಲೆ ಗೊಜ್ಜಿಲ್ಲದ ಜಾಗ ಉಳಿದಿದ್ದದ್ದು ಅದೊಂದೇ. "ಮಾಳಿಗೇಲಿ ಇನ್ನೂ ಎರಡು ಬೀರು ಇದೆ," ಎಂದ, ಮಗುವಿನ ಹಾಗೆ. "ಬನ್ನಿ, ನೀವೇ ಕೈಯಾರೆ ತಿರುಗ್ಸಿ ನೋಡಿ."

"ಕಸ್ಟರ್ಡ್ ಆಗ್ಲಿ," ಎಂದಳು ಮೂರಿಯಲ್.

ಕಸ್ಟರ್ಡ್ ಬಂತು. ಅವಳು ತಿಂದಳು. ಅಷ್ಟು ನಿಧಾನವಾಗಿ ಕಸ್ಟರ್ಡ್ ತಿಂದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಅವಳು ಮುಗಿಸುವ ಹೊತ್ತಿಗೆ ಹ್ಯಾವಿಲನ ಗೊಜ್ಜು ಒಣಗಿ, ಕೋಟು ತಾನೇ ತಾನಾಗಿ ನಿಲ್ಲುವಂತಾಗಿತ್ತು. ಚಮಚ ಕೆಳಗಿಟ್ಟು ಮಗಳ ಕಡೆ ನೋಡಿದಳು.

"ಸರಿ ಕಣಮ್ಮಾ," ಎಂದಳು ಗ್ವೆನ್. "ಚಾಪೆಲಲ್ಲೇ."

"ಚಾಪೆಲ್ ಅಂದ್ರೆ ಎಲ್ಲಿ?" ಎಂದು ಕೇಳಿದ ಹ್ಯಾವಿಲ್.

"ಬರ್ಸ್ಲಮ್‌ನಲ್ಲಿ ಬೀಗರೇ. ಊಟ ಪಕ್ಕದ ಸಭಾಂಗಣದಲ್ಲಿ. ತಟ್ಟೆಯೆಲ್ಲ ನಮ್ಮಂಗಡೀದು. ಒಂದರ ಹಾಗೆ ಒಂದಿರಲ್ಲ."

ಹ್ಯಾವಿಲ್ ಒಂದು ಕ್ಷಣ ಯೋಚಿಸಿದ.

"ಎಷ್ಟು ಜನಕ್ಕೆ ಹಾಕ್ತೀರಿ?" ಎಂದ. "ನಾನು ಸ್ವಲ್ಪ ಬೇಗ, ಬಡ್ಸೋ ಮುಂಚೇನೇ ಬರ್ಬಹುದಾ?"

ಮೂರಿಯಲ್ ತೊಡೆಯ ಕೆಳಗಿನಿಂದ ಎಡಗೈ ತೆಗೆದು, ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಲಟಕ್ ಎನ್ನಿಸಿ, ಮಾಳಿಗೆಯ ಮೆಟ್ಟಿಲು ಎಲ್ಲಿದೆ ಎಂದು ಕೇಳಿದಳು.