ಮೂಳೆಯೊಳಗಿನ ಬಿಳಿ ನೆಣ

ಹೊಟ್ಟೆ ಬಿರಿಯುವಷ್ಟು ಮೊಲದ ಮಾಂಸ ತಿಂದರೂ ಗುಡಾರದಲ್ಲಿ ಯಾರ ಹಸಿವೂ ಇಂಗುತ್ತಿರಲಿಲ್ಲ. ಉತ್ತರದ ಹಿಮನಾಡು ಯೂಕಾನಿನಲ್ಲಿ ಮಾರ್ಚ್ ತಿಂಗಳಲ್ಲಿ ಮೊಲಕ್ಕೆ ಕೊಬ್ಬು ಎಲ್ಲಿಂದ ಬರಬೇಕು? ಕೊಬ್ಬಿಲ್ಲದ ಮಾಂಸ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಏಮೊಸನ ಹೆಂಡತಿ ಬರ್ತಾಳ ಎದೆಹಾಲು ಬತ್ತುತ್ತಿತ್ತು. ಒಂದೂವರೆ ತಿಂಗಳ ಕೂಸು ಚೀಪುವುದು, ಅಳುವುದು, ಮತ್ತೆ ಚೀಪುವುದು. ಏಮೊಸನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕೊನೆಗೊಂದು ದಿನ ಕ್ಯಾರಿಬೂ ಜಿಂಕೆಗಳ ಹಿಂಡು ಸಿಕ್ಕಿತು. ಅವನು ಹೊಡೆದು ತಂದದ್ದು ಭಾರೀ ಗಂಡು. ಅವನ ತಾಯಿ ಎಲ್ಸಿ ಅದರ ಕಾಲಿನ ಮೂಳೆ ಒಡೆದು ನೋಡಿದಳು. ಬಿಳಿ ನೆಣ ಇರಬೇಕಾದಲ್ಲಿ ಕೆಂಪಗೆ ನೀರುನೀರಾದ ಲೋಳೆಯಿತ್ತು. ಬೆದೆಗಾಲದಲ್ಲಿ ಹೆಣ್ಣುಗಳ ಹಿಂದೆ ಅಲೆದ ಗಂಡು ಮೈಯ ಕೊಬ್ಬನ್ನೆಲ್ಲ ಕರಗಿಸಿಕೊಂಡಿರುತ್ತದೆ. ಬೇಟೆಗಾರರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

“ಈಗ ಕೊಂಬಿರೋದನ್ನ ಹೊಡೀಬೇಕು ಅಂತ ನಾನು ಹೇಳ್ಬೇಕೇನೋ?” ಎಂದಳು ಎಲ್ಸಿ. “ನಿಮ್ಮಪ್ಪ ಇದ್ದಿದ್ರೆ ಬಂದೂಕು ಕಿತ್ಕೊಂಡು ನಿನ್ನ ಸೌದೆ ಒಡೆಯೋಕೆ ಕೂರಿಸ್ತಿದ್ದ.”

ಗೊತ್ತಿಲ್ಲದೆ ಗಂಡನ್ನು ಹೊಡೆದಿರಲಿಲ್ಲ ಏಮೊಸ. ದೊಡ್ಡ ಗಂಡುಗಳ ಕೊಂಬು ಚಳಿಗಾಲದ ಆರಂಭದಲ್ಲೇ ಉದುರಿಹೋಗಿರುತ್ತದೆ. ಈಗ ಕೊಂಬು ಹೊತ್ತಿರುವುದು ಬಸುರಿ ಹೆಣ್ಣು. ಮೈಯಲ್ಲಿ ನೆಣ ಉಳಿದಿರುವುದೂ ಅದಕ್ಕೇ, ಹೊಟ್ಟೆಯ ಮರಿಗಾಗಿ. ಎರಡು ವರ್ಷದ ಹಿಂದೆ ಬರ್ತಾಳ ಮೊದಲ ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ಅಂದಿನಿಂದ ಬಸುರಿ ಜಿಂಕೆಗೆ ಗುರಿಯಿಡಲು ಅವನಿಗೆ ಕೈ ಬರುತ್ತಿರಲಿಲ್ಲ. ಇದನ್ನು ತಾಯಿಗೆ ಹೇಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ವಾಸಿ ಎನಿಸಿತ್ತು.

ಮರುದಿನ ಬೆಳಿಗ್ಗೆ ಕೂಸಿನ ಅಳುವಿನಲ್ಲೂ ತ್ರಾಣವಿರಲಿಲ್ಲ. ಏಮೊಸ ಬಂದೂಕು ಹೊತ್ತು ಓಡುತ್ತಲೇ ಹೊರಟ. ಹಿಂಡಿನ ಅಂಚಿನಲ್ಲಿ ಕೊಂಬಿನ ಹೆಣ್ಣೊಂದು ಅಡ್ಡಕ್ಕೆ ತಿರುಗಿ ನಿಂತಿತ್ತು. ಗುರಿಯಿಟ್ಟ. ಒಂದು ಸಲ ಬಂದೂಕು ಇಳಿಸಿದ, ಮತ್ತೆ ಎತ್ತಿದ, ಹೊಡೆದ.

ಎಲ್ಸಿ ಮೂಳೆ ಜಜ್ಜಿ ಕುದಿಸಿ, ಮೇಲೆ ತೇಲಿದ ನೆಣವನ್ನು ಬಟ್ಟಲು ಬಟ್ಟಲಾಗಿ ಸೊಸೆಗೆ ಕುಡಿಸಿದಳು. ಮೂರನೆಯ ದಿನ ಕೂಸು ಅಳು ನಿಲ್ಲಿಸಿ ಎದೆಹಾಲನ್ನು ಗುಟುಕು ಗುಟುಕಾಗಿ ನುಂಗತೊಡಗಿತು. ಏಮೊಸ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ.

“ಮೊದಲು ಯಾಕೆ ಗಂಡು ಹೊಡ್ದೆ ಅಂತ ನಂಗೊತ್ತು,” ಎಂದಳು ಬರ್ತಾ, ಕೂಸಿನಿಂದ ಕಣ್ಣು ತೆಗೆಯದೆ. “ನಾಳೆ ಇನ್ನೊಂದು ಹೆಣ್ಣು ತಾ. ನಮ್ದು ಬದುಕ್ಬೇಕು.”

ಏಮೊಸನಿಗೆ ಅಳು ಬಂತು. ಅಳುತ್ತಲೇ ಕೂತು ಬಂದೂಕು ಒರೆಸತೊಡಗಿದ.