ಊರುಗೋಲಿನ ಮೇಲಿನ ಖಾಲಿ ಜಾಗ

ಸೋಮವಾರ ಕೋಟೆ ನೋಡಲು ಹೊರಟವನ ತಲೆ ನೆಟ್ಟಗಿಲ್ಲ ಎಂದೇ ಚೆಕ್ ದೇಶದ ಬೊಹೀಮಿಯಾ ಸೀಮೆಯವರ ತೀರ್ಮಾನ. ಯಾವ ಮೂಲೆಗೆ ಹೋದರೂ ಕೋಟೆ, ಅರಮನೆ, ಮ್ಯೂಸಿಯಂ ಎಲ್ಲಕ್ಕೂ ಸೋಮವಾರ ಬೀಗ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಕ್ವೇತಾಗೆ ಗೊತ್ತಿಲ್ಲದೆ ಏನಿಲ್ಲ. ಮದುವೆಯಾದಂದಿನಿಂದ ಪ್ರತಿ ಬೇಸಿಗೆಯೂ ಗಂಡನ ಜೊತೆ ಕೋಟೆ ಸುತ್ತುತ್ತಲೇ ಕೂದಲು ನರೆಸಿಕೊಂಡವಳು ಅವಳು. ಆದರೂ ರಾದಿನೊವ್ ಕೋಟೆಗೆ ಗಂಡನನ್ನು ಸೋಮವಾರವೇ ಹೊರಡಿಸಿದಳು. ಬೇಕೆಂದೇ ಹೊರಡಿಸಿದಳು.

ಕಾರಣ ಗಂಡ ಲುಬೊಷ್‌ನ ಹೃದಯ. ಪ್ಲ್‌ಜೆನ್‌ನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇನ್ನು ಮೇಲೆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಲುಬೊಷ್ ತಲೆಯಾಡಿಸಿ ಹೊರಗೆ ಬಂದ. ಟ್ರಾಮಿಗೆ ಕಾಯುತ್ತಾ ನಿಂತಿದ್ದಾಗ, ಈ ಬೇಸಿಗೆ ರಾದಿನೊವ್‌ಗೆ ಹೋಗೋಣ, ಬುರುಜು ಹತ್ತೋಣ, ಇಬ್ಬರೂ ಒಟ್ಟಿಗೆ ಎಂದ. ಆ ಊರಿನ ಹೆಸರು ಅವರಿಬ್ಬರ ಬಾಯಲ್ಲಿ ನಲವತ್ತು ವರ್ಷದಿಂದ ಬಂದಿರಲಿಲ್ಲ. ಕ್ವೇತಾಳ ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

ಅವರ ಮನೆಯ ಬಾಗಿಲ ಹಿಂದೆ ಒಂದು ಊರುಗೋಲಿದೆ. ಕೋಟೆ ಸುತ್ತುವವರ ಮನೆಯಲ್ಲೆಲ್ಲ ಇರುವಂಥದ್ದೇ. ಒಂದೊಂದು ಊರಲ್ಲೂ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಆ ಊರಿನ ಕೋಟೆಯ ಚಿತ್ರವಿರುವ ಪುಟ್ಟ ತಗಡಿನ ಬಿಲ್ಲೆ ಮಾರುತ್ತಾರೆ. ಅದನ್ನು ಕೋಲಿಗೆ ಸಣ್ಣ ಮೊಳೆಯಿಂದ ಬಡಿದುಕೊಳ್ಳಬೇಕು. ಕಾಲಿಡದ ಊರಿನ ಬಿಲ್ಲೆ ಬಡಿದುಕೊಂಡವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಲುಬೊಷ್ ಇದರ ಮೇಲೆ ತನ್ನದೂ ಒಂದು ಕಟ್ಟಳೆ ಸೇರಿಸಿದ್ದ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬುರುಜಿನ ತುದಿ ಮುಟ್ಟಿದ್ದರೆ ಮಾತ್ರ ಮೊಳೆ.

ಕಮ್ಯುನಿಸ್ಟರ ಆಡಳಿತ ಬಿದ್ದು ಗಡಿ ತೆರೆದ ಮೇಲೆ ಆ ಕೋಲು ಆಸ್ಟ್ರಿಯಾ, ಸ್ಲೊವೇನಿಯಾ, ಬವೇರಿಯಾ ಎಲ್ಲ ತಿರುಗಿತು. ಕೋಟೆಯಿಲ್ಲದ ಊರಲ್ಲಿ ವಿಚಿತ್ರ ಮ್ಯೂಸಿಯಂ ಹುಡುಕುವುದು ಕ್ವೇತಾಳ ಚಟ. ಬೀಗಗಳದ್ದು, ಜೇನುಪೆಟ್ಟಿಗೆಗಳದ್ದು, ರಾಣಿಯರ ಮೂತ್ರದ ಪಾತ್ರೆಗಳದ್ದು. ವಿಯೆನ್ನಾದ ಶವಪೆಟ್ಟಿಗೆಗಳ ಮ್ಯೂಸಿಯಂನಲ್ಲಿ ಲುಬೊಷ್ ಅಳತೆ ನೋಡುವ ಹಾಗೆ ಒಂದೊಂದು ಪೆಟ್ಟಿಗೆಯ ಪಕ್ಕದಲ್ಲೂ ನಿಂತು, ಇದು ಭುಜದ ಹತ್ತಿರ ಬಿಗಿ, ಇದು ಪರವಾಗಿಲ್ಲ ಎಂದು ಅವಳನ್ನು ನಗಿಸಿದ್ದ. ಈಗ ಅದನ್ನು ನೆನೆದರೆ ಅವಳಿಗೆ ನಗು ಬರುವುದಿಲ್ಲ.

ಕೋಲಿನ ತುಂಬ ಬಿಲ್ಲೆಗಳು ಮೀನಿನ ಹುರುಪೆಗಳಂತೆ ಒತ್ತಾಗಿ ಕೂತಿದ್ದರೂ ಹಿಡಿಯ ಕೆಳಗೆ ಒಂದು ಬೆರಳಗಲ ಜಾಗ ಖಾಲಿ. ಅಲ್ಲಿ ಕೂರಬೇಕಾದ ರಾದಿನೊವ್ ಬಿಲ್ಲೆ ಕ್ವೇತಾಳ ಹೊಲಿಗೆ ಡಬ್ಬಿಯ ತಳದಲ್ಲಿತ್ತು.

ಮದುವೆಯಾದ ಎರಡನೆಯ ಬೇಸಿಗೆ ಅವರು ಅಲ್ಲಿಗೆ ಹೋಗಿದ್ದರು. ಕ್ವೇತಾ ಐದು ತಿಂಗಳ ಬಸುರಿ. ಅಂಗಳದ ಲಿಂಡನ್ ಮರದ ಕೆಳಗಿನ ಬೆಂಚಿನಲ್ಲಿ ಕೂತು, ನೀನು ಹತ್ತಿ ಬಾ ಎಂದು ಗಂಡನನ್ನು ಕಳಿಸಿದವಳು ಅವಳೇ. ಅವನು ಹೋದ ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಕತ್ತರಿ ಆಡಿಸಿದಂಥ ನೋವು ಬಂತು. ಕೂಗಲು ದನಿ ಹೊರಡಲಿಲ್ಲ. ತಲೆಗೆ ಕಟ್ಟಿದ್ದ ಕೆಂಪು ವಸ್ತ್ರ ಬಿಚ್ಚಿ ಬುರುಜಿನ ತುದಿಯ ಬಾವುಟದ ಕಡೆ ಬೀಸಿದಳು, ಬೀಸುತ್ತಲೇ ಇದ್ದಳು. ಯಾರೂ ಬರಲಿಲ್ಲ. ಕೊನೆಗೆ ಲುಬೊಷ್ ಕೈಯಲ್ಲಿ ಬಿಲ್ಲೆ ಹಿಡಿದು ಶಿಳ್ಳೆ ಹಾಕುತ್ತಾ ಇಳಿದು ಬಂದಾಗ ಅವಳು ನೆಲದ ಮೇಲೆ ಬಿದ್ದಿದ್ದಳು. ಮಗು ಉಳಿಯಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ.

ಅವಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ನಿಂತವನಿಗೆ ಕೆಂಪು ವಸ್ತ್ರ ಕಾಣದೆ ಇರುತ್ತದೆಯೇ? ಕಂಡಿದೆ, ಸುಮ್ಮನೆ ಕೈ ಬೀಸುತ್ತಿದ್ದಾಳೆ ಅಂದುಕೊಂಡು ಊರು ಕೇರಿ ನೋಡುತ್ತಾ ನಿಂತಿದ್ದಾನೆ. ಈ ಮುಳ್ಳನ್ನು ಎದೆಯಲ್ಲಿ ಇಟ್ಟುಕೊಂಡೇ ಅವಳು ಅವನಿಗೆ ಅಡುಗೆ ಮಾಡಿದಳು, ಅವನ ಜೊತೆ ನಕ್ಕಳು, ಅವನನ್ನು ಪ್ರೀತಿಸಿದಳು. ಮೂರೂ ಸುಳ್ಳಲ್ಲ, ಮುಳ್ಳೂ ಸುಳ್ಳಲ್ಲ.

ಈಗ ಅದೇ ಬುರುಜು ಗಂಡನನ್ನೂ ನುಂಗಲು ಬಾಯಿ ತೆರೆದು ಕೂತಂತೆ ಅವಳಿಗೆ ಕಂಡಿತು. ಬೇಡ ಎಂದರೆ ಕೇಳುವವನಲ್ಲ, ಹೂಂ ಎಂದರೆ ಹೆಣ ಇಳಿಸಬೇಕು. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಶನಿವಾರ ಕೋಟೆಯ ಕೆಳಗಿನ ಊರಿಗೆ ಬಂದಿಳಿದ ಮೇಲೆ ಅಂಗಿ ಗುಂಡಿಗಳ ಮ್ಯೂಸಿಯಂನಲ್ಲಿ ಸಂಜೆ ಮಾಡಿದಳು. ಭಾನುವಾರ ಮಂಡಿ ನೋವೆಂದು ಕುಂಟಿ, ಗಡಿಯಾರಗಳ ಮ್ಯೂಸಿಯಂಗೆ ಎಳೆದುಕೊಂಡು ಹೋದಳು. ಕೋಟೆಗೆ ನಾಳೆ ಹೋದರಾಯಿತು, ಊರಿಗೆ ಹೊರಡುವುದು ಮಂಗಳವಾರ ಬೆಳಿಗ್ಗೆ ತಾನೇ ಎಂದಳು. ಅವನು ಆಗಲಿ ಎಂದ. ವಯಸ್ಸಾಯಿತು, ವಾರ ಮರೆತಿದ್ದಾನೆ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಬಸ್ಸು ಕೋಟೆಯ ಬಾಗಿಲಿನವರೆಗೂ ಹೋಗುತ್ತದೆ. ಇಳಿದವರು ಅವರಿಬ್ಬರೇ. ಬಾಗಿಲಿಗೆ ಅಡ್ಡ ಸರಪಳಿ, ಸೋಮವಾರ ರಜೆ ಎಂಬ ಬೋರ್ಡು. ಕ್ವೇತಾ ಹಣೆ ಚಚ್ಚಿಕೊಂಡಳು. ಲುಬೊಷ್ ಬೋರ್ಡಿನ ಕಡೆ ನೋಡಲೇ ಇಲ್ಲ, ಅವಳನ್ನೇ ನೋಡಿದ.

"ನಿನ್ನೆ ನೋವಿದ್ದಿದ್ದು ಬಲಮಂಡಿ. ಇವತ್ತು ಎಡಗಾಲು ಕುಂಟ್ತಾ ಇದೀಯ."

ಅವಳು ಹಣೆಯ ಮೇಲಿನ ಕೈ ಇಳಿಸಿದಳು.

"ಗೊತ್ತಿದ್ದೂ ಯಾಕೆ ಬಂದೆ ಮತ್ತೆ?"

"ಎಲ್ಲೀವರೆಗೆ ನಾಟಕ ಆಡ್ತೀಯ ನೋಡೋಣ ಅಂತ. ಹೆದರಿಕೆ ನಿಂದು ಸರಿ, ಎದೆ ನಂದಲ್ವೇನೇ? ಒಂದ್ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಹತ್ತೇ ತೀರ್ತಿದ್ದೆ."

"ಹತ್ತೇ ತೀರ್ತಿದ್ದೆ," ಎಂದ ಅವನು, ಸಿಟ್ಟಿಲ್ಲದೆ.

ಅಷ್ಟರಲ್ಲಿ ದೊಡ್ಡ ಬಾಗಿಲೊಳಗಿನ ಚಿಕ್ಕ ಬಾಗಿಲು ತೆರೆಯಿತು. ಕೋಟೆ ನೋಡಿಕೊಳ್ಳುವ ಹೆಂಗಸು ಸುತ್ತಿದ ಜಮಖಾನ ಹೆಗಲಿಗೇರಿಸಿ ಧೂಳು ಕೊಡವಲು ಹೊರಬಂದಳು. ಜನರಿಲ್ಲದ ಸೋಮವಾರವೇ ಅವಳಿಗೆ ಈ ಕೆಲಸ. ಈ ವಯಸ್ಸಲ್ಲಿ ವಾರವೂ ನೆನಪಿರಲ್ಲವೇ ಎಂದು ಗದರಿದವಳು ಊರುಗೋಲು ಕಂಡು ಸುಮ್ಮನಾದಳು. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ, ತಮ್ಮಪ್ಪನ ಹತ್ತಿರವೂ ಇತ್ತು, ಇದರ ಅರ್ಧದಷ್ಟೂ ತುಂಬಿರಲಿಲ್ಲ ಎಂದಳು. ಆಮೇಲೆ ಸರಪಳಿ ಬಿಚ್ಚಿದಳು. ಬೇರೆ ಯಾರಿಗೂ ಹೇಳಬಾರದು, ಬೇಗ ನೋಡಿ ಬರಬೇಕು ಎಂದಳು.

ಕ್ವೇತಾ ಕಟ್ಟಿದ ಮರಳಿನ ಅಣೆಕಟ್ಟು ಒಂದೇ ಏಟಿಗೆ ಕೊಚ್ಚಿಹೋಯಿತು. ಲುಬೊಷ್‌ನ ಹಿಂದೆ ಒಳಗೆ ಹೋದಳು. ಅದೇ ಅಂಗಳ, ಅದೇ ಹಳೆಯ ಪ್ರಾರ್ಥನಾಮಂದಿರ, ಅದರ ಮಾಡಿನ ಮೇಲೆ ಬುರುಜಿನ ತುದಿ, ಬಾವುಟ. ಮರ ದಪ್ಪವಾಗಿತ್ತು. ಬೆಂಚು ಇನ್ನೂ ಅಲ್ಲೇ ಇತ್ತು. ಲುಬೊಷ್ ಅದರ ಎದುರು ಸ್ವಲ್ಪ ಹೊತ್ತು ನಿಂತು, ಕೋಲೂರಿ ನಿಧಾನವಾಗಿ ಕೂತ. ಬಾಗಿಲಿಂದ ಅಲ್ಲಿಗೆ ನಡೆದದ್ದಕ್ಕೇ ಅವನ ತುಟಿ ನೀಲಿಯಾಗಿತ್ತು.

"ನೀನು ಹತ್ತು," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಆವತ್ತು ನಾನು ಹತ್ತಿದೆ, ನೀನಿಲ್ಲಿ ಕೂತಿದ್ದೆ. ಇವತ್ತು ನಾನು ಕೂತಿರ್ತೀನಿ. ಇಬ್ಬರೂ ಹತ್ತಿದ ಹಾಗಾಯ್ತಲ್ಲ."

"ಒಟ್ಟಿಗೆ ಅಂತ ನಿನ್ನ ಕಟ್ಟಳೆ."

"ನಾನು ಮಾಡಿದ್ದು, ನಾನೇ ಮುರೀತೀನಿ. ಹೋಗು ಕ್ವೇತಾ. ಇಲ್ಲಿ ಒಬ್ಬರೇ ಕೂತು ಕಾಯೋದು ಹೇಗಿರುತ್ತೆ ಅಂತ ನಾನೂ ನೋಡ್ಬೇಕು."

ಅವಳು ಬುರುಜಿನ ಕಡೆ ನಡೆದಳು. ಹತ್ತಿದಳು. ಕಲ್ಲಿನ ಮೆಟ್ಟಿಲು ಸವೆದು ನಡುವೆ ತಗ್ಗಾಗಿತ್ತು. ಇಲ್ಲದ ಮಂಡಿನೋವು ನಿಜವಾಗಿಯೂ ಬಂತು. ಅರ್ಧ ದಾರಿಯಲ್ಲಿ ಗೋಡೆಗೊರಗಿ ನಿಂತಾಗ ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಮೇಲೆ ಹೋಗಿ ಬಗ್ಗಿ ನೋಡುತ್ತೇನೆ. ಅವನಿಗೆ ಎಷ್ಟು ಚೆನ್ನಾಗಿ ಕಂಡಿತ್ತು ಎಂದು ಈ ಕಣ್ಣಾರೆ ನೋಡಿಬಿಡುತ್ತೇನೆ.

ಮೇಲೆ ಕಟಕಟೆ ಹಿಡಿದು ಬಗ್ಗಿದಳು. ಪ್ರಾರ್ಥನಾಮಂದಿರದ ಮಾಡು ಕಂಡಿತು, ಅದರಾಚೆ ಲಿಂಡನ್ ಮರದ ತುದಿ ಕಂಡಿತು. ಬೆಂಚು ಕಾಣಲಿಲ್ಲ. ಪಕ್ಕಕ್ಕೆ ಸರಿದು ನೋಡಿದಳು. ಸುತ್ತ ಒಂದು ಬಾರಿ ಬಂದಳು, ಇನ್ನೊಂದು ಬಾರಿ ಬಂದಳು. ನದಿ, ಹೆಂಚಿನ ಮನೆಗಳು, ರಸ್ತೆಯಲ್ಲಿ ಬಸ್ಸು ಎಲ್ಲ ಕಾಣುತ್ತಿದ್ದವು. ಬೆಂಚು ಮಾತ್ರ ಆ ಮಾಡಿನ ಹಿಂದೆ ಎಲ್ಲೋ ಮುಳುಗಿಹೋಗಿತ್ತು. ಆವತ್ತು ಬೆಂಚಿನಿಂದ ತನಗೆ ಕಂಡದ್ದು ತಲೆಯ ಮೇಲಿನ ಈ ಬಾವುಟ ಮಾತ್ರ, ಇಲ್ಲಿ ನಿಂತವರಲ್ಲ. ಲುಬೊಷ್ ಎಂದು ಕೂಗಿದಳು. ಗಾಳಿ ಆ ಹೆಸರನ್ನು ಅವಳ ಬಾಯಿಂದಲೇ ಎತ್ತಿಕೊಂಡು ಹೋಯಿತು.

ನಲವತ್ತು ವರ್ಷ ಅವಳು ಅವನನ್ನು ಇಲ್ಲದ ತಪ್ಪಿಗೆ ಒಳಗೊಳಗೇ ಶಿಕ್ಷಿಸಿದ್ದಳು. ಕಟಕಟೆಯ ತಣ್ಣನೆಯ ಕಲ್ಲಿಗೆ ಹಣೆಯಿಟ್ಟು ಅತ್ತಳು. ಅಳುವಿನ ನಡುವೆಯೇ, ಅವನಿಗೆ ಈಗ ಕೆಳಗೆ ಏನಾದರೂ ಆದರೆ ತನಗೂ ಕಾಣುವುದಿಲ್ಲ ಎಂದು ಹೊಳೆಯಿತು. ಬಿದ್ದೆನೋ ಎದ್ದೆನೋ ಎಂದು ಇಳಿದಳು.

ಲುಬೊಷ್ ತಲೆ ಬಗ್ಗಿಸಿ ಕೂತಿದ್ದ. ಅವಳ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದ. ಕೈಯಲ್ಲಿ ಆ ಹಳೆಯ ಬಿಲ್ಲೆ ಇತ್ತು. ಹೊಲಿಗೆ ಡಬ್ಬಿಯಿಂದ ಯಾವಾಗ ತೆಗೆದಿದ್ದನೋ.

"ಮೇಲಿಂದ ಬೆಂಚು ಕಾಣಲ್ಲ," ಎಂದಳು.

"ಕಾಣಲ್ಲ. ಆವತ್ತು ನಿಂಗೆ ಕೈ ಬೀಸೋಣ ಅಂತ ಸುತ್ತೆಲ್ಲ ಹುಡುಕ್ದೆ."

"ಹೇಳ್ಬಾರದಾಗಿತ್ತಾ?"

"ನೀನು ಕೇಳ್ಲಿಲ್ಲ. ಕೇಳದೆ ಹೇಳಿದ್ರೆ ತಪ್ಪಿಸ್ಕೊಳ್ಳೋ ಮಾತಾಗ್ತಿತ್ತು."

ಅವಳು ಪಕ್ಕದಲ್ಲಿ ಕೂತಳು. ಅವನಿಗೆ ಇದುವರೆಗೂ ಗೊತ್ತಿಲ್ಲದ್ದನ್ನು ಈಗ ಹೇಳದೆ ಇರಲಾಗಲಿಲ್ಲ. "ನಾನು ಕೆಂಪು ವಸ್ತ್ರ ಬೀಸಿದ್ದೆ. ನೀನು ನೋಡ್ತೀಯ ಅಂತ."

ಲುಬೊಷ್ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಎಷ್ಟು ಹೊತ್ತು ಬೀಸ್ದೆ?"

ಸೋಮವಾರದ ಸುಳ್ಳು ಸಲೀಸಾಗಿ ಬಂದಿತ್ತು. ಇಲ್ಲೊಂದು ಸುಳ್ಳು ಬೇಕಿತ್ತು, ಬರಲಿಲ್ಲ.

"ಕೈ ಸೋಲೋವರೆಗೂ."

ಅವನು ಅವಳ ಬಲಗೈಯನ್ನು ತೆಗೆದುಕೊಂಡು, ಅದು ಈಗಷ್ಟೇ ಸೋತು ಕೆಳಗಿಳಿದ ಕೈ ಎಂಬಂತೆ ಮಣಿಕಟ್ಟಿನಿಂದ ಮೊಣಕೈವರೆಗೂ ಒತ್ತತೊಡಗಿದ. ಜಮಖಾನದ ಹೆಂಗಸು ಬಿಲ್ಲೆ ಬಡಿಯಲು ಸುತ್ತಿಗೆ ಬೇಕೇ ಎಂದು ಕೇಳಲು ಬಂದವಳು ದೂರದಲ್ಲೇ ನಿಂತಳು. ಕೆಳಗಿನ ಊರಿಗೆ ಹೋಗುವ ಬಸ್ಸು ಬಂದು ಹೋಯಿತು. ಅವನು ಒತ್ತುತ್ತಲೇ ಇದ್ದ, ಅವಳು ಬೇಡ ಎನ್ನಲಿಲ್ಲ.