ಡೆಕ್ಕಿನ ಮೇಲೆ ಏನೂ ಆಗಲಿಲ್ಲ

ಹೋಸಿನ ತುದಿ ಮುಖಕ್ಕೆ ಬಡಿದಾಗ ಉಕಾಯ್ ಶಿಗೇಕಿಗೆ ಮೊದಲು ಆದದ್ದು ನೋವಲ್ಲ, ನಾಚಿಕೆ. ಮುಖಕವಚ ಎತ್ತಿ ಬೆವರೊರೆಸಿಕೊಳ್ಳುವ ಹೊತ್ತಿಗೇ ಇದು ಆಗಬೇಕಿತ್ತೆ, ಎಲ್ಲರೂ ನೋಡುತ್ತಿದ್ದಾರಲ್ಲ ಎಂದುಕೊಂಡ. ಕಣ್ಣು ಬಿಟ್ಟರೆ ಹಡಗಿನ ಡೆಕ್ಕಿನ ಬೋಳು ಉಕ್ಕಿನ ಮೇಲೆ ಮಂಡಿಯೂರಿ ಕೂತಿದ್ದ. ಬಿಟ್ಟದ್ದು ಒಂದೇ ಕಣ್ಣು. ಇನ್ನೊಂದರ ಮೇಲೆ ಒತ್ತಿಹಿಡಿದ ಕೈಯಲ್ಲಿ ಬೆಚ್ಚಗಿನದೇನೋ ತುಂಬಿಕೊಳ್ಳುತ್ತಿತ್ತು.

ಕಂಪ್ರೆಸರ್ ನಿಂತಿತು. ನಿಶಿವಾಕಿ ಓಡಿ ಬಂದ. ಆತ ಈ ಗುಂಪಿನ ಮೇಸ್ತ್ರಿ, ಶಿಗೇಕಿಗೆ ಹೆಣ್ಣು ಕೊಟ್ಟ ಮಾವ ಕೂಡ. ಬಂದವನು ಅಳಿಯನ ಮುಖ ನೋಡಲಿಲ್ಲ, ಹೋಸಿನ ಎರಡು ತುಂಡುಗಳ ಜೋಡಣೆ ನೋಡಿದ. ಜೋಡಣೆ ಬಿಚ್ಚಿಕೊಂಡರೂ ಹೋಸು ಹಾರದ ಹಾಗೆ ಹಿಡಿಯುವ ಒಂದು ತಂತಿ ಅಲ್ಲಿರಬೇಕಿತ್ತು. "ಅದನ್ನ ಕಟ್ಟಿ ಬಿಚ್ಚಿ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಬಿಡ್ರೋ" ಎಂದು ಬೆಳಿಗ್ಗೆ ಬಿಡಿಸಿದ್ದವನು ಆತನೇ. ಈಗ ಜೇಬಿನಿಂದ ಆ ತಂತಿ ತೆಗೆದು, ಎರಡೂ ಕಡೆ ಸರಿಯಾಗಿ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಶಿಗೇಕಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಕೈ ತೆಗಿ, ನೋಡೋಣ."

ಶಿಗೇಕಿ ತೆಗೆದ.

"ಮುಚ್ಕೊ."

"ಮೇಸ್ತ್ರಿ, ಆಂಬುಲೆನ್ಸಿಗೆ ಹೇಳ್ಲಾ?" ಜೊತೆಗಾರ ದೋಯಿ ಫೋನು ಕೈಗೆ ತೆಗೆದುಕೊಂಡಿದ್ದ.

"ಹೇಳಪ್ಪ. ಹಾಗೇ ನಿನ್ನ ಹೆಂಡ್ತಿಗೂ ಹೇಳ್ಬಿಡು, ನಾಳೆಯಿಂದ ಮನೇಲೇ ಇರ್ತೀನಿ, ಪಾತ್ರೆ ತೊಳೀತೀನಿ ಅಂತ."

ದೋಯಿ ಫೋನನ್ನು ಒಳಗಿಟ್ಟ.

ಹಡಗು ಹೆಲಿಕಾಪ್ಟರುಗಳಿಗೆಂದು ಹುಟ್ಟಿದ್ದು. ಈಗ ಅದರ ಮೇಲೆ ಯುದ್ಧವಿಮಾನ ಇಳಿಯಬೇಕಂತೆ. ನೆಟ್ಟಗೆ ಕೆಳಕ್ಕಿಳಿಯುವ ಜಾತಿಯ ವಿಮಾನ, ಎಂಜಿನ್ನಿನ ಬೆಂಕಿಯನ್ನೆಲ್ಲ ಡೆಕ್ಕಿಗೇ ಉಗುಳುತ್ತದೆ. ಹಳೆಯ ಬಣ್ಣ ಆ ಶಾಖಕ್ಕೆ ನಿಲ್ಲುವುದಿಲ್ಲ. ಮುಂದೆ ಮೂತಿಯನ್ನು ಕತ್ತರಿಸಿ ಅಗಲ ಮಾಡುವವರು ಬೇರೆ; ಉಕ್ಕಿನ ಹರಳನ್ನು ಗಾಳಿಯ ರಭಸದಲ್ಲಿ ಹೊಡೆದು ಬಣ್ಣ ಕೆರೆದು ಡೆಕ್ಕು ಬೋಳು ಮಾಡುವವರು ನಿಶಿವಾಕಿಯ ಗುಂಪು. ಹಡಗು ದುರಸ್ತಿಯ ಯಾರ್ಡಿನ ಕೆಳಗೊಂದು ಕಂಪನಿ, ಅದರ ಕೆಳಗಿನ್ನೊಂದು, ಅದರ ಕೆಳಗೆ ಇವರು. ಅಪಘಾತವಾದ ಗುಂಪನ್ನು ಇಲ್ಲಿ ಯಾರೂ ಬಯ್ಯುವುದಿಲ್ಲ. ಮುಂದಿನ ಹಡಗಿಗೆ ಕರೆಯುವುದಿಲ್ಲ, ಅಷ್ಟೆ. ಮುಂದಿನ ಹಡಗು ಇದರದೇ ಜೋಡಿ, ಆಗಲೇ ಸರದಿಯಲ್ಲಿ ಕಾಯುತ್ತಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಶಿಗೇಕಿಗೆ ಒಗೆದ ಬಟ್ಟೆ ಹಾಕಿಸಿದರು. ಕಣ್ಣಿಗೆ ಹತ್ತಿಯಿಟ್ಟು, ಅದರ ಮೇಲೆ ಉಣ್ಣೆಯ ಟೋಪಿಯನ್ನು ಓರೆಯಾಗಿ ಎಳೆದು, ಮೂಗಿನವರೆಗೆ ಮಾಸ್ಕು ಏರಿಸಿದರು.

"ಗೇಟಿನವರೆಗೆ ನಿನ್ನ ಕಾಲಲ್ಲೇ ನಡೀಬೇಕು. ಯಾರಾದ್ರೂ ಕೇಳಿದ್ರೆ ಹಲ್ಲುನೋವು. ವಾಲಾಡ್ಬೇಡ," ಎಂದ ಮಾವ.

ಶಿಗೇಕಿ ನಡೆದ. ಯಾರ್ಡಿನಲ್ಲಿ ನಮಸ್ಕಾರದ ಜಾಗದಲ್ಲಿ ಹೇಳುವ ಮಾತೊಂದೇ: ಜೋಪಾನ. ಗೇಟಿನ ಕಾವಲುಗಾರ ಹಣೆಗೆ ಕೈಯಿಟ್ಟು "ಜೋಪಾನ!" ಎಂದ. ಶಿಗೇಕಿ ಬಾಯಿಗೆ ಇಳಿದಿದ್ದ ರಕ್ತ ನುಂಗಿ "ಜೋಪಾನ" ಎಂದ.

ನಿಶಿವಾಕಿಯ ವ್ಯಾನು ಊರಿನ ದೊಡ್ಡ ಆಸ್ಪತ್ರೆಯ ಮುಂದೆ ನಿಧಾನಿಸಲೂ ಇಲ್ಲ.

"ಮಾವ, ಆಸ್ಪತ್ರೆ ಹೋಯ್ತಲ್ಲ."

"ಅಲ್ಲಿ ಕೆಲಸ ಮಾಡೋರಲ್ಲಿ ಅರ್ಧ ಜನ ಯಾರ್ಡಿನೋರ ಹೆಂಡ್ತೀರೇ. ಘಾಟಿ ದಾಟಿ ಹೋಗೋಣ."

"ಉರೀತಿದೆ ಮಾವ."

"ಉರೀತಿದೆ ಅಂದ್ರೆ ಜೀವ ಇದೆ ಅಂತ. ಒಳ್ಳೇದೇ." ನಿಶಿವಾಕಿ ಗೇರು ಬದಲಿಸಿದ. "ಡಾಕ್ಟ್ರು ಏನಾಯ್ತು ಅಂತಾರೆ. ಏನ್ ಹೇಳ್ತೀಯ?"

"ಮನೆ ಮೆಟ್ಟಿಲಿಂದ ಬಿದ್ದೆ ಅಂತೀನಿ."

"ಬಿದ್ದೋನಿಗೆ ಅಂಗೈ ತರಚಿರ್ಬೇಕು, ಮಂಡಿ ಒಡೆದಿರ್ಬೇಕು. ನಿಂಗೆ ನೀಟಾಗಿ ಕಣ್ಣೊಂದೇ ಹೋಗಿದೆ."

ಘಾಟಿಯ ತಿರುವುಗಳಲ್ಲಿ ಒಳಗಡಲು ಒಮ್ಮೆ ಬಲಕ್ಕೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಬಲಕ್ಕಿರುವುದನ್ನು ನೋಡಲು ಕತ್ತು ತಿರುಗಿಸಬೇಕು ಎಂಬುದು ಶಿಗೇಕಿಗೆ ಆಗಲೇ ಅಭ್ಯಾಸವಾಗತೊಡಗಿತ್ತು. ನಿಶಿವಾಕಿ ಸುರಂಗದೊಳಗೆ ಹೊಕ್ಕಾಗ ತಟ್ಟನೆ ಸ್ಟಿಯರಿಂಗಿಗೆ ಬಡಿದ.

"ಪಾವು!"

"ಏನು?"

"ಬೆಳಿಗ್ಗೆ ನಿನ್ನ ಮಗಳು ಎಸೆದಳಲ್ಲಯ್ಯ, ಮರದ ಪಾವು!"

ಹಿಂದಿನ ದಿನ ಸೆತ್ಸುಬುನ್ ಹಬ್ಬ. ಮನೆಮನೆಯಲ್ಲೂ ಅಪ್ಪಂದಿರು ದೆವ್ವದ ಮುಖವಾಡ ಹಾಕಿಕೊಳ್ಳುವುದು, ಮಕ್ಕಳು ಹುರಿದ ಸೋಯಾ ಕಾಳು ಎರಚಿ "ದೆವ್ವ ಹೊರಗೆ! ಭಾಗ್ಯ ಒಳಗೆ!" ಎಂದು ಓಡಿಸುವುದು. ಐದು ವರ್ಷದ ಚಿಹೋಗೆ ಒಂದು ದಿನ ಸಾಲಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟ ಅಪ್ಪನ ಕಾಲು ಕಟ್ಟಿಕೊಂಡು, ಮುಖವಾಡ ಹಾಕಿಸಿ, ಕಾಳು ಮುಗಿದ ಉತ್ಸಾಹದಲ್ಲಿ ಕಾಳು ತುಂಬಿದ್ದ ಚೌಕ ಪಾವನ್ನೇ ಎಸೆದಿದ್ದಳು. ಅದು ಕೆನ್ನೆಗೆ ತಾಗಿತ್ತು. ಶಿಗೇಕಿ ಆಟಕ್ಕೆ "ಅಯ್ಯಯ್ಯೋ, ಕಣ್ಣು ಹೋಯ್ತು!" ಎಂದು ಮುಖ ಮುಚ್ಚಿಕೊಂಡು ಬಾಗಿಲಾಚೆ ಓಡಿದ್ದ. ಅವಳು ನಕ್ಕೂ ನಕ್ಕೂ ಬಿದ್ದಿದ್ದಳು. ಅಳಿಯನನ್ನು ಕರೆದೊಯ್ಯಲು ಬಂದ ನಿಶಿವಾಕಿ ಬೂಟು ಬಿಚ್ಚುವ ಜಾಗದಲ್ಲಿ ನಿಂತು ಅದನ್ನೆಲ್ಲ ನೋಡಿದ್ದ.

"ಬೇಡ ಮಾವ."

"ಯಾಕೆ?"

"ಚಿಹೋ ಹೆಸರು ಬೇಡ."

"ಐದು ವರ್ಷದ ಮಗೂಗೆ ಯಾರು ಏನು ಮಾಡ್ತಾರೆ? ಜೈಲಿಗೆ ಹಾಕ್ತಾರಾ? ನಕ್ಕು ಬಿಡ್ತಾರೆ. ನಾಳಿದ್ದು ಮರ್ತೂ ಬಿಡ್ತಾಳೆ." ಆತ ಪಕ್ಕಕ್ಕೆ ನೋಡಿದ. "ನೀನು ಕೆಲಸ ಮಾಡ್ತಿರೋದು ಯಾವುದರ ಮೇಲಯ್ಯ, ಗೊತ್ತಾ? ವಿಮಾನ ಹೊರೋ ಹಡಗು. ಅಂಥದ್ದು ನಾವು ಇಟ್ಕೊಳ್ಳೋ ಹಾಗಿಲ್ಲ, ಅದಕ್ಕೆ ಅದನ್ನ ಬರೀ ಬೆಂಗಾವಲು ಹಡಗು ಅಂತ ಸರ್ಕಾರ ಒಂಚೂರೂ ನಗದೆ ಇಡೀ ದೇಶಕ್ಕೆ ಹೇಳುತ್ತೆ. ನಿಂಗೆ ಒಬ್ಬ ಡಾಕ್ಟ್ರಿಗೆ ಒಂದು ಪಾವಿನ ಕಥೆ ಹೇಳಕ್ಕಾಗಲ್ವಾ? ಎರಡು ವರ್ಷಕ್ಕೆ ನಾನು ಮನೇಲಿ ಕೂರ್ತೀನಿ. ಗುಂಪು ನಿಂದು. ಮೇಸ್ತ್ರಿ ಆಗ್ತೀಯ."

ಉತ್ತರಕ್ಕೆ ಕಾಯದೆ ತನ್ನ ಮಗಳಿಗೆ ಫೋನು ಹಚ್ಚಿದ. "ಸನಾಯೆ, ನಿನ್ನ ಗಂಡನ ಕಣ್ಣಿಗೆ ಏಟು ಬಿದ್ದಿದೆ. ಅಳ್ಬೇಡ, ಕೇಳು. ಬೆಳಿಗ್ಗೆ ಚಿಹೋ ಪಾವು ಎಸೆದಳಲ್ಲ, ಅದೇ... ಅದೇ ಅಂದ್ನಲ್ಲ. ನೀನು ಒಲೆ ಹತ್ರ ನಿಂತಿದ್ದೆ. ಎಲ್ಲ ನೀನೇ ನೋಡ್ದೆ."

ಘಾಟಿಯಾಚೆಯ ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದ.

"ಹೇಗಾಯ್ತು? ಕೆಲಸದ ಜಾಗದಲ್ಲಿ ಆದದ್ದಲ್ಲ ತಾನೆ? ಅಲ್ಲಿ ಆಗಿದ್ರೆ ವಿಮೆ ಬೇರೆ, ಅದಕ್ಕೆ ಕೇಳ್ದೆ."

ಮಾವನ ಮೊಣಕೈ ಶಿಗೇಕಿಯ ಪಕ್ಕೆಗೆ ತಾಗಿಕೊಂಡೇ ಇತ್ತು. ಒತ್ತಲಿಲ್ಲ, ಸುಮ್ಮನೆ ಇತ್ತು.

"ಮಗಳು," ಎಂದ ಶಿಗೇಕಿ. "ದೆವ್ವದ ಆಟ. ಪಾವು ಎಸೆದಳು."

"ಅಬ್ಬ! ಒಳ್ಳೆ ಗುರಿಗಾರ್ತಿ." ಡಾಕ್ಟರು ನಕ್ಕ, ಕೂಡಲೇ ನಗು ನುಂಗಿದ. "ಇನ್ನೂ ಬೇಗ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಇಷ್ಟು ತಡ ಯಾಕೆ ಮಾಡಿದ್ರಿ?"

ಆ ಕಣ್ಣನ್ನೇ ತೆಗೆದುಹಾಕಿದರು.

ಮನೆಗೆ ಬಂದ ದಿನ ಚಿಹೋ ಬಾಗಿಲಿಗೆ ಓಡಿ ಬರಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತು, ಯಾರೋ ಹೇಳಿಕೊಟ್ಟ ಹಾಗೆ ಸೊಂಟದವರೆಗೆ ಬಾಗಿ, "ಅಪ್ಪ, ತಪ್ಪಾಯ್ತು" ಎಂದಳು.

"ಅವಳಿಗೆ ಯಾಕೆ ಹೇಳ್ದೆ?" ಶಿಗೇಕಿ ಒಳಗೆ ಹೋಗಿ ಹೆಂಡತಿಯನ್ನು ಕೇಳಿದ.

"ನಾನ್ ಹೇಳ್ಲಿಲ್ಲ ರೀ. ವಿಮೆಯೋರು ಫೋನ್ ಮಾಡಿ ಹೇಗಾಯ್ತು ಅಂತ ಕೇಳ್ತಾರೆ, ಮಗು ಬೇರೆ ಏನಾದ್ರೂ ಅಂದುಬಿಟ್ರೆ ಅಂತ ನಮ್ಮಪ್ಪನೇ ಕೂರಿಸ್ಕೊಂಡು ಹೇಳಿದ್ರು." ಸನಾಯೆ ಅಕ್ಕಿ ತೊಳೆಯುತ್ತಿದ್ದಳು, ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. "ಅವಳಿಗೆ ಹೇಳಿಕೊಡೋದೇ ಬೇಕಾಗ್ಲಿಲ್ಲ. ನೀವು ಕಣ್ಣು ಹೋಯ್ತು ಅಂತ ಕೂಗಿದ್ದು ಅವಳಿಗೇ ನೆನಪಿತ್ತು. ನಾನು ನಕ್ಕೆ ಅಮ್ಮ, ನಾನು ನಕ್ಕೆ ಅಂತ ಒಂದೇ ಸಮ ಅತ್ತಳು."

ಊಟಕ್ಕೆ ಕೂತಾಗ ಚಿಹೋ ಬಲಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಎಡಗೈಯಲ್ಲಿ ಚಾಪ್‌ಸ್ಟಿಕ್ ಹಿಡಿಯಲು ಬಾರದೆ ಅನ್ನ ಚೆಲ್ಲಿಕೊಂಡಳು. ಮರುದಿನವೂ ಹಾಗೆಯೇ. ಶಿಶುವಿಹಾರದಲ್ಲಿ ಚೆಂಡು ಕೊಟ್ಟರೆ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾಳಂತೆ. ಬೇರೆ ಮಕ್ಕಳು ಅವಳು ಬಂದರೆ ಕಣ್ಣು ಮುಚ್ಚಿಕೊಂಡು ಓಡುವ ಹೊಸ ಆಟವೊಂದನ್ನು ಕಂಡುಹಿಡಿದಿದ್ದರು.

ಗಾಯ ಒಣಗಿದ ಮೇಲೆ ನಿಶಿವಾಕಿ ಒಂದು ಪೆಟ್ಟಿಗೆ ಸ್ಟ್ರಾಬೆರಿ ಹಿಡಿದು ಬಂದ.

"ಯಾವತ್ತಿಂದ ಬರ್ಲಿ ಮಾವ?" ಎಂದ ಶಿಗೇಕಿ.

"ಅದೇ ಹೇಳೋಣ ಅಂತ ಬಂದೆ. ಒಂದು ಕಣ್ಣಿನೋರನ್ನ ಡೆಕ್ಕಿಗೆ ಬಿಡಲ್ಲಂತೆ ಕಣಯ್ಯ. ಯಾರ್ಡಿನ ನಿಯಮ. ಗುಂಪು ದೋಯಿಗೆ ಕೊಡ್ತಿದೀನಿ."

"ಪರಿಹಾರ?"

"ಮನೇಲಿ ಆದ ಗಾಯಕ್ಕೆ ಯಾರು ಕೊಡ್ತಾರೆ?"

"ಮನೇಲಿ ಆಗಿಲ್ಲ."

ನಿಶಿವಾಕಿ ಸ್ಟ್ರಾಬೆರಿಯ ತೊಟ್ಟು ಕಿತ್ತು ತಟ್ಟೆಯ ಅಂಚಿಗಿಟ್ಟ. "ಡಾಕ್ಟ್ರಿಗೆ ಹೇಳಿದ್ದು ನೀನು. ನಾನು ಬಾಯಿ ಬಿಟ್ಟಿದ್ನಾ?"

ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಎಲ್ಲ ಹೇಳಬೇಕೆಂದು ಶಿಗೇಕಿ ಅಂದೇ ನಿರ್ಧರಿಸಿದ. ಕೆಲಸ ಹೇಗೂ ಹೋಗಿತ್ತು, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಮಗಳ ಕೈಯನ್ನು ಆ ತೊಡೆಯ ಕೆಳಗಿನಿಂದ ಬಿಡಿಸಿದರೆ ಸಾಕಾಗಿತ್ತು. ಆದರೆ ಮೊದಲು ಹೇಳಬೇಕಾದ್ದು ಅವಳಿಗೆ. ಹಡಗು ಯಾರ್ಡು ಬಿಟ್ಟು ಕಡಲಿಗೆ ಹೊರಡುವ ಬೆಳಿಗ್ಗೆ ಅವಳನ್ನು ಅಲೆತಡೆಯ ಗೋಡೆಗೆ ಕರೆದುಕೊಂಡು ಹೋದ. ಜನ ಸೇರಿದ್ದರು, ಕಾಗದದ ಬಾವುಟ ಬೀಸುತ್ತಿದ್ದರು. ಹಡಗಿನ ಮೂತಿ ಈಗ ಚೌಕವಾಗಿತ್ತು, ಮೊದಲಿನ ಹಡಗೇ ಅಲ್ಲವೆನ್ನುವಷ್ಟು.

"ಚಿಹೋ, ಅಲ್ಲಿ ನೋಡು. ಮೇಲೆ ಚಪ್ಪಟೆ ಜಾಗ ಇದೆಯಲ್ಲ, ಅಲ್ಲಿ ಒಂದು ದೊಡ್ಡ ಹೋಸು ಬಂದು ಹೊಡೀತು. ಅದಕ್ಕೆ ಅಪ್ಪನ ಕಣ್ಣು ಹೋಗಿದ್ದು. ನಿನ್ನ ಪಾವು ಬರೀ ಕೆನ್ನೆಗೆ ತಾಗಿತ್ತು. ನೋವೇ ಆಗ್ಲಿಲ್ಲ. ನಾನು ಆಟಕ್ಕೆ ಕೂಗಿದ್ದು."

ಚಿಹೋ ಹಡಗನ್ನು ನೋಡಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ದೋಯಿ ಮಾಮ ಅಲ್ಲೇ ಇದ್ದ. ಕೇಳು ಬೇಕಾದ್ರೆ." ಶಿಗೇಕಿ ಫೋನು ಹಚ್ಚಿ ಮಾತು ಹೊರಗೆ ಕೇಳುವಂತೆ ಇಟ್ಟ. "ದೋಯಿ, ನನ್ನ ಮಗಳಿದ್ದಾಳೆ ಪಕ್ಕದಲ್ಲಿ. ಆವತ್ತು ಡೆಕ್ಕಿನ ಮೇಲೆ ಏನಾಯ್ತು ಅಂತ ಅವಳಿಗೆ ಒಂದು ಮಾತು ಹೇಳಪ್ಪ. ಅವಳಿಗೆ ಮಾತ್ರ."

ಆಚೆ ಕಡೆ ಕಂಪ್ರೆಸರಿನ ಸದ್ದು. ದೋಯಿ ಜೋಡಿ ಹಡಗಿನ ಕೆಲಸಕ್ಕೆ ಸಾಮಾನು ಹೊಂದಿಸುತ್ತಿದ್ದ.

"ಏನಾಯ್ತು?" ಎಂದ ದೋಯಿ. "ಡೆಕ್ಕಿನ ಮೇಲೆ ಏನೂ ಆಗ್ಲಿಲ್ಲವಲ್ಲ ಶಿಗೇಕಿ. ನೀನು ಆವತ್ತು ಹಲ್ಲುನೋವು ಅಂತ ಬೇಗ ಹೋದೆ."

"ದೋಯಿ, ಮಗು ಕಣೋ..."

"ಜೋಪಾನ," ಎಂದು ದೋಯಿ ಫೋನಿಟ್ಟ.

ಹಡಗು ದೀರ್ಘವಾಗಿ ಕೂಗಿತು. ಜನ ಕೈ ಎತ್ತಿ ಬೀಸಿದರು. ಚಿಹೋ ಎಡಗೈ ಚಾಚಿ ಅಪ್ಪನ ಬೆರಳು ಹಿಡಿದುಕೊಂಡಳು. ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ ಹಿಡಿದುಕೊಂಡಳು.

"ತಾತ ಹೇಳಿದ್ರು. ಅಪ್ಪ ಒಂದಿನ ಹಡಗಿನ ಕಥೆ ಹೇಳ್ತಾನೆ, ನಿನ್ನ ಮೇಲೆ ತುಂಬ ಪ್ರೀತಿ ಅದಕ್ಕೆ, ಆಗ ಹ್ಞೂಂ ಅಂದ್ಬಿಡು ಅಂತ."

"ಕಥೆ ಅಲ್ಲ ಪುಟ್ಟ. ನಾಳೆ ಒಂದು ಆಫೀಸಿಗೆ ಹೋಗಿ ಎಲ್ಲರಿಗೂ ಇದನ್ನೇ ಹೇಳ್ತೀನಿ. ಅವರು ಬಂದು ನಿನ್ನ ಕೇಳಬಹುದು."

"ಕೇಳ್ಲಿ," ಎಂದಳು ಚಿಹೋ. "ನಾನೇ ಎಸೆದೆ ಅಂತ ಹೇಳ್ತೀನಿ. ನನಗೋಸ್ಕರ ನಿನ್ನ ಕೈಲಿ ಸುಳ್ಳು ಹೇಳಿಸಲ್ಲ ಅಪ್ಪ."